ತೋಳಿನ ಊತಕ್ಕೆ ಕಂಪ್ರೆಷನ್ ಸ್ಲೀವ್: ಡಬ್ಬಿಯಲ್ಲಿ ಬರುವುದು ಮತ್ತು ಅಳತೆ ಕೊಟ್ಟು ಮಾಡಿಸಿದ್ದು

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕಿಮೋಥೆರಪಿ, ರೇಡಿಯೇಷನ್ ಮೂರೂ ಮುಗಿದು, ಇನ್ನು ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದು ವೈದ್ಯರು ಹೇಳಿದ ಮೇಲೆ ಅನೇಕ ಹೆಂಗಸರ ದಿನಚರಿಯಲ್ಲಿ ಎರಡು ವಸ್ತುಗಳು ಉಳಿದುಕೊಳ್ಳುತ್ತವೆ. ಒಂದು, ಐದು ಅಥವಾ ಹತ್ತು ವರ್ಷ ದಿನವೂ ನುಂಗಬೇಕಾದ ಹಾರ್ಮೋನು ಮಾತ್ರೆ. ಇನ್ನೊಂದು, ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಕೆಲವರು ಮಣಿಕಟ್ಟಿನಿಂದ ಹೆಗಲಿನ ಕೆಳಗಿನವರೆಗೆ ಬಿಗಿಯಾಗಿ ತೊಡಬೇಕಾದ ಕಂಪ್ರೆಷನ್ ಸ್ಲೀವ್. ಮಾತ್ರೆಯನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಾರೆ, ಎಷ್ಟು ವರ್ಷ ತೆಗೆದುಕೊಳ್ಳಬೇಕೆಂದು ತಿಳಿಸುತ್ತಾರೆ. ಸ್ಲೀವಿನ ವಿಷಯ ಹಾಗಲ್ಲ. ಕೈ ಬಾತ ಮೇಲೆ ಯಾರೋ ಒಬ್ಬರು ಹೇಳಿ, ನಾವೇ ಅಂಗಡಿ ಹುಡುಕಿಕೊಂಡು ಹೋಗಬೇಕಾಗುತ್ತದೆ. ಆದ್ದರಿಂದಲೇ ನಾನು ಕೆಲವು ವರ್ಷಗಳಿಂದ ತೊಡುತ್ತಿರುವ ಎರಡು ಬಗೆಯ ಸ್ಲೀವುಗಳ ಗುಣದೋಷಗಳನ್ನು ವಿವರವಾಗಿ ಬರೆಯುವುದು ಅಗತ್ಯವೆಂದು ನನಗೆ ತೋರಿದೆ.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ನನಗೆ ಶಸ್ತ್ರಚಿಕಿತ್ಸೆ ಆಗಿರುವುದು ಬಲಗಡೆ, ಬರೆಯುವುದೂ ಬಲಗೈಯಲ್ಲಿಯೇ. ಯಾವ ಕಂಪನಿಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ, ಏಕೆಂದರೆ ಒಂದೇ ಕಂಪನಿಯ ಸ್ಲೀವ್ ಒಬ್ಬರಿಗೆ ಒಗ್ಗಿ ಇನ್ನೊಬ್ಬರಿಗೆ ಒಗ್ಗದಿರುವುದನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಊತ ಇಳಿದಿರುವ ಹೊತ್ತಿನಲ್ಲಿ ತಿಳಿದವರಿಂದ ಅಳತೆ ತೆಗೆಸಿ ಮಾಡಿಸಿದ, ಆರು ತಿಂಗಳಿಗೊಮ್ಮೆ ತಪ್ಪದೆ ಬದಲಾಯಿಸುವ ಸ್ಲೀವು ಕೈಯನ್ನೂ ಅದರ ಕೆಲಸವನ್ನೂ ಉಳಿಸುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟೇ ದುಬಾರಿಯ ಸ್ಲೀವು ಕೂಡ ಹಾಕಿದ ಹಣಕ್ಕೆ ತಕ್ಕ ಉಪಕಾರ ಮಾಡುವುದಿಲ್ಲ.

ಈ ಊತ ಬರುವುದೇಕೆ ಎಂಬುದು ಗೊತ್ತಿದ್ದರೆ ಸ್ಲೀವನ್ನು ಆರಿಸುವುದು ಸುಲಭವಾಗುತ್ತದೆ. ಅಂಗಾಂಶಗಳಲ್ಲಿ ಸೇರಿಕೊಳ್ಳುವ, ಪ್ರೋಟೀನು ಹೆಚ್ಚಿರುವ ದ್ರವವನ್ನು ಮರಳಿ ರಕ್ತಕ್ಕೆ ಒಯ್ಯುವ ಸೂಕ್ಷ್ಮ ನಾಳಗಳು ನಮ್ಮ ಚರ್ಮದಡಿಯಲ್ಲಿ ಹರಡಿಕೊಂಡಿವೆ. ತೋಳಿನಿಂದ ಹೊರಡುವ ಇಂಥ ನಾಳಗಳು ಬಹುಮಟ್ಟಿಗೆ ಕಂಕುಳಿನ ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್) ಮೂಲಕವೇ ಹಾದುಹೋಗುತ್ತವೆ. ಕ್ಯಾನ್ಸರ್ ಹರಡಿದೆಯೇ ಎಂದು ನೋಡುವುದಕ್ಕೂ ಹರಡಿದ್ದನ್ನು ತೆಗೆಯುವುದಕ್ಕೂ ಆ ಗ್ರಂಥಿಗಳನ್ನು ಕತ್ತರಿಸಿ ತೆಗೆದಾಗ, ಅದರ ಮೇಲೆ ರೇಡಿಯೇಷನ್ನಿನಿಂದ ಉಳಿದ ಭಾಗವೂ ಗಟ್ಟಿಯಾದಾಗ, ದ್ರವಕ್ಕೆ ಹೋಗುವ ದಾರಿ ಕಿರಿದಾಗಿ ಅದು ತೋಳಿನಲ್ಲಿಯೇ ನಿಲ್ಲುತ್ತದೆ. ವೈದ್ಯರು ಲಿಂಫೆಡೀಮಾ ಎಂದು ಕರೆಯುವುದು ಇದನ್ನೇ. ಸ್ತನ ಕ್ಯಾನ್ಸರಿನಿಂದ ಬದುಕಿ ಉಳಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ ಎಂದು, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳುತ್ತದೆ. ಸೆಂಟಿನೆಲ್ ಗ್ರಂಥಿಯನ್ನು, ಅಂದರೆ ಸ್ತನದ ಕಡೆಯಿಂದ ದ್ರವ ಮೊದಲು ಬಂದು ಸೇರುವ ಗ್ರಂಥಿಯನ್ನು ಮಾತ್ರ ತೆಗೆದು ಪರೀಕ್ಷಿಸಿದವರಿಗಿಂತ, ಕಂಕುಳಿನ ಗ್ರಂಥಿಗಳನ್ನು ಪೂರ್ತಿಯಾಗಿ ತೆಗೆಸಿಕೊಂಡವರಲ್ಲಿ ಈ ತೊಂದರೆ ಸುಮಾರು ನಾಲ್ಕು ಪಟ್ಟು ಹೆಚ್ಚೆಂದೂ ಅದರಲ್ಲಿದೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡವರ ಸಂಖ್ಯೆ ಸುಮಾರು 1.92 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಕಾಯಿಲೆ ಮುಂದುವರಿದ ಮೇಲೆ ಆಸ್ಪತ್ರೆಗೆ ಬರುವವರು ನಮ್ಮಲ್ಲಿ ಹೆಚ್ಚಾಗಿರುವುದರಿಂದ ಗ್ರಂಥಿಗಳನ್ನು ಪೂರ್ತಿ ತೆಗೆಯಬೇಕಾಗುವ ಸಂದರ್ಭಗಳೂ ಹೆಚ್ಚು. ಇಷ್ಟು ಜನರಿಗೆ ಬೇಕಾಗಬಹುದಾದ ವಸ್ತುವಿನ ಬಗ್ಗೆ ಕನ್ನಡದಲ್ಲಿ ಓದಲು ಇಷ್ಟು ಕಡಿಮೆ ಸಿಗುವುದು ಬೇಸರದ ಸಂಗತಿ.

ನನ್ನ ಕೈಯಲ್ಲಿ ಇದು ಮೊದಲು ತಿಳಿದದ್ದು ಬಳೆಯಿಂದ. ಎರಡೂ ಕೈಗೆ ಒಂದೇ ಅಳತೆಯ ಹಸಿರು ಗಾಜಿನ ಬಳೆ ತೊಡುತ್ತಿದ್ದೆ. ಶಾಲೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈಯ ಬಳೆ ಮಾತ್ರ ಚರ್ಮಕ್ಕೆ ಒತ್ತಿಕೊಂಡು ಗೆರೆ ಮೂಡಿಸುತ್ತಿತ್ತು, ಬೆಳಿಗ್ಗೆ ಮತ್ತೆ ಸಡಿಲವಾಗಿರುತ್ತಿತ್ತು. ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸಣ್ಣ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತಿತ್ತು. ಈ ಹಂತದಲ್ಲಿ ದರ್ಜಿಯ ಟೇಪು ಬಹಳ ಉಪಯೋಗಕ್ಕೆ ಬರುತ್ತದೆ. ಮಣಿಕಟ್ಟು, ಅಲ್ಲಿಂದ 10 ಸೆಂಟಿಮೀಟರ್ ಮೇಲೆ, ಮೊಣಕೈ, ಅಲ್ಲಿಂದ 10 ಸೆಂಟಿಮೀಟರ್ ಮೇಲೆ, ಹೀಗೆ ಎರಡೂ ಕೈಗಳ ಸುತ್ತಳತೆ ತೆಗೆದು ಹೋಲಿಸಬೇಕು. ಯಾವುದಾದರೊಂದು ಕಡೆ 2 ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ತಡಮಾಡದೆ ತೋರಿಸಿಕೊಳ್ಳಬೇಕು. ಕೆಲಸ ಮಾಡುವ ಕೈ ಮೊದಲಿನಿಂದಲೂ ತುಸು ದಪ್ಪವಿರುವುದು ಸಹಜವಾದ್ದರಿಂದ, ಶಸ್ತ್ರಚಿಕಿತ್ಸೆಗೆ ಮುಂಚಿನ ಅಳತೆ ಇದ್ದರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಈಗ ಯಾರಾದರೂ ಶಸ್ತ್ರಚಿಕಿತ್ಸೆಗೆ ಹೊರಟಿದ್ದಾರೆಂದು ತಿಳಿದರೆ, ಹೊರಡುವ ಮುಂಚೆ ಎರಡೂ ಕೈಗಳ ಅಳತೆ ಬರೆದಿಟ್ಟುಕೊಳ್ಳಿ ಎಂದು ನಾನೇ ಹೇಳುತ್ತೇನೆ.

ಮೊದಲು ತಂದದ್ದು ಡಬ್ಬಿಯಲ್ಲಿ ಬರುವ ಸಿದ್ಧ ಸ್ಲೀವು. ಔಷಧಿ ಅಂಗಡಿಯೊಂದರಲ್ಲಿ ಬೆಲ್ಟು, ಕುತ್ತಿಗೆ ಪಟ್ಟಿ, ಮೊಣಕಾಲಿನ ಪಟ್ಟಿಗಳ ಜೊತೆಯಲ್ಲಿ ಅದನ್ನೂ ತೂಗುಹಾಕಿದ್ದರು. ಬೆಲೆ 2,000 ರೂಪಾಯಿಯ ಆಸುಪಾಸು. ಡಬ್ಬಿಯ ಮೇಲೆ 20ರಿಂದ 30 ಮಿಲಿಮೀಟರ್ ಪಾದರಸದ ಒತ್ತಡ ಎಂದು ಬರೆದಿತ್ತು, ಹಿಂದುಗಡೆ ಮಣಿಕಟ್ಟು, ಮೊಣಕೈ, ತೋಳು ಮೂರರ ಅಳತೆಯ ಕೋಷ್ಟಕವೂ ಇತ್ತು. ಅಂಗಡಿಯವರು ಕೋಷ್ಟಕ ನೋಡಲಿಲ್ಲ. ತೋಳಿನ ನಡುಭಾಗಕ್ಕೆ ಕುಪ್ಪಸದ ಮೇಲಿನಿಂದಲೇ ಒಮ್ಮೆ ಟೇಪು ಸುತ್ತಿ, ನಿಮಗೆ ಮೀಡಿಯಂ ಆಗುತ್ತದೆ ಎಂದು ಕೊಟ್ಟರು. ಸಂಜೆಯ ಹೊತ್ತು, ಕೈ ಬಾತಿರುವಾಗ ತೆಗೆದ ಅಳತೆ ಅದು. ತೆಳ್ಳಗಿನ, ಹೊಲಿಗೆಯಿಲ್ಲದೆ ಕೊಳವೆಯ ಆಕಾರದಲ್ಲಿಯೇ ಹೆಣೆದ ಆ ಸ್ಲೀವು ಕೈಗೆ ಮೃದುವಾಗಿತ್ತು, ತೊಡುವುದೂ ಕಷ್ಟವಿರಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಅದರ ತೊಂದರೆಗಳು ಕಾಣಿಸಿಕೊಂಡವು. ಮೇಲ್ತುದಿಯ ಪಟ್ಟಿ ಜಾರಿ ಸುರುಳಿಯಾಗಿ ತೋಳಿಗೆ ಹಗ್ಗದಂತೆ ಬಿಗಿಯುತ್ತಿತ್ತು. ಮೊಣಕೈಯ ಮಡಿಕೆಯಲ್ಲಿ ಬಟ್ಟೆ ನೆರಿಗೆಗಟ್ಟಿ ಕೆಂಪಗೆ ಗಾಯದ ಗುರುತು ಬೀಳುತ್ತಿತ್ತು. ಎಲ್ಲಕ್ಕಿಂತ ಆತಂಕ ತಂದದ್ದೆಂದರೆ, ಅದುವರೆಗೆ ಊತವೇ ಇಲ್ಲದಿದ್ದ ಅಂಗೈಯ ಹಿಂಭಾಗ ಮತ್ತು ಬೆರಳುಗಳು ಬಾಯತೊಡಗಿದವು. ತೋಳನ್ನು ಒತ್ತಿದಾಗ ದ್ರವ ಕೆಳಗಿಳಿದು ಹಸ್ತಕ್ಕೆ ಸೇರುವುದುಂಟು. ಅಂಥವರು ಸ್ಲೀವಿನ ಜೊತೆಗೆ ಬೆರಳುಗಳಿರುವ ಅಥವಾ ಬೆರಳುಗಳಿಲ್ಲದ ಒತ್ತುಗವಸನ್ನೂ ತೊಡಬೇಕಾಗುತ್ತದೆ. ಇದನ್ನು ಮಾರಿದವರು ಹೇಳಲಿಲ್ಲ, ಡಬ್ಬಿಯೊಳಗಿನ ಕಾಗದದಲ್ಲಿಯೂ ಇರಲಿಲ್ಲ.

ಸಿದ್ಧ ಸ್ಲೀವು ಕೆಲಸಕ್ಕೆ ಬಾರದ ವಸ್ತು ಎಂದು ಇದರ ಅರ್ಥವಲ್ಲ. ಕಣ್ಣಿಗೆ ಕಾಣುವ ಮುಂಚೆ, ಅಳತೆಯಿಂದ ಮಾತ್ರ ತಿಳಿಯುವ ಹಂತದಲ್ಲಿಯೇ ಊತವನ್ನು ಗುರುತಿಸಿ, ಹಗುರ ಒತ್ತಡದ ಸ್ಲೀವು ಮತ್ತು ಗವಸನ್ನು ಸುಮಾರು ನಾಲ್ಕು ವಾರ ತೊಡಿಸಿದಾಗ ಹೆಚ್ಚಾಗಿದ್ದ ಗಾತ್ರ ಗಣನೀಯವಾಗಿ ಇಳಿಯಿತು ಎಂದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಊತ ಅಲ್ಪವಿದ್ದು, ತೋಳಿನ ಆಕಾರ ಕೆಡದೆ, ಮೂರು ಕಡೆಯ ಅಳತೆಯೂ ಕೋಷ್ಟಕದ ಒಂದೇ ಸಾಲಿನಲ್ಲಿ ಬೀಳುವವರಿಗೆ ಡಬ್ಬಿಯ ಸ್ಲೀವೇ ಸಾಕು, ಖರ್ಚೂ ಕಡಿಮೆ. ನನ್ನ ಮಣಿಕಟ್ಟಿನ ಅಳತೆ ಒಂದು ಸಾಲಿನಲ್ಲಿ, ಮೇಲ್ತೋಳಿನದು ಇನ್ನೊಂದು ಸಾಲಿನಲ್ಲಿ ಬರುತ್ತಿತ್ತು. ಗ್ರಂಥಿಗಳನ್ನು ಪೂರ್ತಿಯಾಗಿ ತೆಗೆಸಿಕೊಂಡ ಅನೇಕರ ಕೈ ಹೀಗೆಯೇ ಇರುತ್ತದೆ, ಕೆಳಗೆ ಸಣ್ಣ, ಮೇಲೆ ದಪ್ಪ, ಅಥವಾ ಮುಂಗೈಯ ಒಂದು ಕಡೆ ಮಾತ್ರ ಉಬ್ಬು. ಅಂಥ ಕೈಗೆ ಕಾರ್ಖಾನೆಯ ಮೂರು ಅಳತೆಗಳಲ್ಲಿ ಯಾವುದೂ ಕೂರುವುದಿಲ್ಲ.

ಈ ಸ್ಥಿತಿಯಲ್ಲಿ ನಾನು ಹೋದದ್ದು ಲಿಂಫೆಡೀಮಾ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿಗೆ. ಅವರು ಮಾಡಿದ ಮೊದಲ ಕೆಲಸವೆಂದರೆ ಸ್ಲೀವನ್ನು ಬಿಡಿಸಿದ್ದು. ಊತ ನನ್ನಷ್ಟು ಮುಂದುವರಿದ ಮೇಲೆ ಸ್ಲೀವು ಬಾತ ಕೈಯನ್ನು ಇಳಿಸುವುದಿಲ್ಲ, ಇಳಿದ ಕೈಯನ್ನು ಮತ್ತೆ ಬಾಯದಂತೆ ಹಿಡಿದಿಡುತ್ತದೆ ಎಂಬುದು ಅವರಿಂದ ಗೊತ್ತಾಯಿತು. ಇಳಿಸುವ ಕೆಲಸ ಬೇರೆಯೇ ಇದೆ. ಚರ್ಮದ ಆರೈಕೆ, ಕುತ್ತಿಗೆ ಮತ್ತು ಎದೆಯ ಕಡೆಯಿಂದ ಶುರುಮಾಡಿ ತೀರಾ ಹಗುರವಾಗಿ ಕೈಯಾಡಿಸುವ ವಿಶೇಷ ಬಗೆಯ ಮಾಲೀಸು, ಹತ್ತಿಯ ಪದರ ಮತ್ತು ಸ್ಪಂಜಿನ ಮೇಲೆ ಹೆಚ್ಚು ಹಿಗ್ಗದ ಬ್ಯಾಂಡೇಜನ್ನು ಪದರ ಪದರವಾಗಿ ಸುತ್ತುವುದು, ಬ್ಯಾಂಡೇಜಿನೊಳಗೆ ಕೈಯನ್ನು ಮಡಿಸಿ ಬಿಡಿಸುವ ವ್ಯಾಯಾಮ, ಇವಿಷ್ಟೂ ಕೆಲವು ವಾರ ನಡೆಯಬೇಕು. ಆ ವಾರಗಳು ಸುಲಭದವಲ್ಲ. ಬ್ಯಾಂಡೇಜು ಸುತ್ತಿದ ಕೈಯಿಂದ ತಲೆ ಬಾಚಿಕೊಳ್ಳುವುದೂ ಆಗುವುದಿಲ್ಲ, ಮಲಗಿದರೆ ಅದರ ಭಾರ ಗೊತ್ತಾಗುತ್ತದೆ. ಆದರೆ ಕೈ ಇಳಿಯುವುದನ್ನು ಟೇಪಿನಲ್ಲಿ ಕಣ್ಣಾರೆ ಕಾಣಬಹುದು. ಇನ್ನು ಇಳಿಯುವುದಿಲ್ಲ ಎಂಬ ಮಟ್ಟಕ್ಕೆ ಬಂದ ಮೇಲೆ, ಬೆಳಗಿನ ಹೊತ್ತು, ಬ್ಯಾಂಡೇಜು ಬಿಚ್ಚಿದ ಕೂಡಲೇ ಅವರು ಅಳತೆ ತೆಗೆದರು. ಬೆರಳಿನ ಬುಡದಿಂದ ಕಂಕುಳಿನವರೆಗೆ ಕೈಯ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾ, ಪ್ರತಿ ಗುರುತಿನಲ್ಲಿಯೂ ಸುತ್ತಳತೆ, ಗುರುತುಗಳ ನಡುವಿನ ಉದ್ದ, ಎಲ್ಲವನ್ನೂ ಒಂದು ನಮೂನೆಯಲ್ಲಿ ತುಂಬಿದರು. ಈ ಸೇವೆಗೆ ನಾನು ಕೊಟ್ಟ ಶುಲ್ಕ ಸ್ಲೀವಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಸಾರ್ಥಕವೆಂದು ಈಗಲೂ ಅನ್ನಿಸುತ್ತದೆ.

ಹಾಗೆ ಅಳತೆ ಕಳಿಸಿ ಮಾಡಿಸಿದ ಸ್ಲೀವು ಮೊದಲಿನದಕ್ಕಿಂತ ತೀರಾ ಬೇರೆ. ಇದನ್ನು ಚಪ್ಪಟೆಯಾಗಿ ಹೆಣೆದು, ಕೈಯ ಆಕಾರಕ್ಕೆ ತಕ್ಕಂತೆ ಹೆಣಿಗೆಯನ್ನು ಅಲ್ಲಲ್ಲಿ ಹಿಗ್ಗಿಸಿ ಕುಗ್ಗಿಸಿ, ಆಮೇಲೆ ಉದ್ದಕ್ಕೂ ಒಂದು ಹೊಲಿಗೆ ಹಾಕಿರುತ್ತಾರೆ. ಮುಟ್ಟಿದರೆ ಒರಟು, ದಪ್ಪ. ಮೊದಲ ಸಲ ಕೈಗೆತ್ತಿಕೊಂಡಾಗ ಇದನ್ನು ಇಡೀ ದಿನ ತೊಡುವುದು ಸಾಧ್ಯವೇ ಎಂಬ ಅನುಮಾನ ಬಂದಿತ್ತು. ಆದರೆ ಆ ಗಡಸುತನವೇ ಇದರ ಗುಣ. ಬಟ್ಟೆ ಸುಲಭವಾಗಿ ಹಿಗ್ಗದೆ ಇರುವುದರಿಂದ ಮೊಣಕೈಯ ಮಡಿಕೆಯೊಳಗೆ ಹೊಕ್ಕು ಕುಳಿತುಕೊಳ್ಳುವುದಿಲ್ಲ, ಚರ್ಮದ ಮಡಿಕೆಗಳ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ. ಕೈ ಆಡಿದಾಗಲೆಲ್ಲ ಒಳಗಿನ ಸ್ನಾಯು ಉಬ್ಬಿ, ಹೊರಗಿನ ಬಿಗಿಯಾದ ಬಟ್ಟೆಗೆ ಒತ್ತಿ, ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ನನ್ನದು ಎರಡನೆಯ ದರ್ಜೆಯ ಒತ್ತಡದ್ದು, ಅಂದರೆ 23ರಿಂದ 32 ಮಿಲಿಮೀಟರ್ ಪಾದರಸದಷ್ಟು. ಜೊತೆಗೆ ಅರ್ಧ ಬೆರಳಿನ ಗವಸು ಬೇರೆಯಾಗಿಯೇ ಇದೆ. ಬೇರೆ ಇರುವುದೇ ಒಳ್ಳೆಯದು, ಕೈ ತೊಳೆಯುವಾಗ ಗವಸನ್ನಷ್ಟೇ ತೆಗೆದರೆ ಸಾಕು.

ಇದನ್ನು ತೊಡುವುದು ಕಲಿತು ಮಾಡಬೇಕಾದ ಕೆಲಸ. ಮೇಲ್ತುದಿಯನ್ನು ಹಿಡಿದು ಜಗ್ಗಿದರೆ ಮೇಲೆ ಬಟ್ಟೆ ಗುಡ್ಡೆಯಾಗಿ ಕೆಳಗೆ ತೆಳ್ಳಗಾಗುತ್ತದೆ, ಒತ್ತಡ ಹಿಂದುಮುಂದಾಗಿ ಕೈಗೆ ಕೆಡುಕಾಗುತ್ತದೆ. ಪಾತ್ರೆ ತೊಳೆಯಲು ಬಳಸುವ ರಬ್ಬರಿನ ಗವಸನ್ನು ಎಡಗೈಗೆ ಹಾಕಿಕೊಂಡು, ಸ್ಲೀವನ್ನು ಮಣಿಕಟ್ಟಿನವರೆಗೆ ಸೇರಿಸಿ, ಅಲ್ಲಿಂದ ಅಂಗೈಯಿಂದ ಸವರುತ್ತಾ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಏರಿಸಬೇಕು. ಹೊಲಿಗೆ ನೇರವಾಗಿದೆಯೇ, ಎಲ್ಲಾದರೂ ನೆರಿಗೆ ಬಿದ್ದಿದೆಯೇ ಎಂದು ನೋಡಿ, ಇದ್ದರೆ ಆ ಗವಸಿನಿಂದಲೇ ಒರೆಸಿ ಸರಿಮಾಡಬೇಕು. ಉದ್ದ ಹೆಚ್ಚಾಯಿತೆಂದು ಮೇಲ್ತುದಿಯನ್ನು ಮಡಚುವುದಂತೂ ಕೂಡದು, ಮಡಚಿದ ಕಡೆ ಒತ್ತಡ ಇಮ್ಮಡಿಯಾಗುತ್ತದೆ. ತೊಡುವ ಹೊತ್ತಿನ ಬಗ್ಗೆ ಫಿಸಿಯೋಥೆರಪಿಸ್ಟ್ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಟೀಚರ್, ಮುಂಜಾನೆ ಎದ್ದ ಕೂಡಲೇ ಹಾಕ್ಕೋರಿ, ಆಗ ಕೈ ಇಳಿದಿರ್ತದ. ಕೆಲಸಾ ಎಲ್ಲಾ ಮುಗಿಸಿ ಮಧ್ಯಾಹ್ನ ಹಾಕ್ಕೋತೀನಿ ಅಂದ್ರ ಬಾವನ್ನ ಒಳಗ ಕಟ್ಟಿಹಾಕಿದಂಗ ಆಗ್ತದ." ರಾತ್ರಿ ಮಲಗುವಾಗ ತೆಗೆಯುವುದು, ತೆಗೆದ ಮೇಲೆ ಚರ್ಮಕ್ಕೆ ಎಣ್ಣೆಯನ್ನೋ ಕ್ರೀಮನ್ನೋ ಹಚ್ಚುವುದು ವಾಡಿಕೆ. ಬೆಳಿಗ್ಗೆ ಹಚ್ಚಿಕೊಂಡು ಅದರ ಮೇಲೆ ತೊಟ್ಟರೆ ಸ್ಲೀವು ಜಾರುತ್ತದೆ, ಎಲಾಸ್ಟಿಕ್ಕೂ ಬೇಗ ಹಾಳಾಗುತ್ತದೆ.

ತರಗತಿಯಲ್ಲಿ ಇದರಿಂದ ಆಗಿರುವ ವ್ಯತ್ಯಾಸ ದೊಡ್ಡದು. ಕಪ್ಪುಹಲಗೆಯ ಮೇಲೆ ಬರೆಯುವಾಗ ಕೈ ಹೆಗಲಿಗಿಂತ ಮೇಲಿರುತ್ತದೆ. ಅದು ಊತಕ್ಕೆ ಒಳ್ಳೆಯದೇ ಆದರೂ, ಮೊದಲು ಮಧ್ಯಾಹ್ನದ ತರಗತಿಗಳ ಹೊತ್ತಿಗೆ ತೋಳು ಭಾರವಾಗಿ, ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿಯುತ್ತಿದ್ದವು. ಈಗ ಕೊನೆಯ ಅವಧಿಯಲ್ಲಿಯೂ ಬರೆಯಬಲ್ಲೆ. ಉತ್ತರಪತ್ರಿಕೆಗಳ ಕಟ್ಟನ್ನು ತಿದ್ದುವಾಗ ನಡುನಡುವೆ ಕೈಯನ್ನು ಮೇಲೆತ್ತಿ ಮುಷ್ಟಿ ಬಿಗಿದು ಬಿಡಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ, ಮಕ್ಕಳಿಗೂ ಅದು ರೂಢಿಯಾಗಿದೆ.

ಅಡುಗೆಮನೆಯಲ್ಲಿ ಮಾತ್ರ ಇದು ಅಷ್ಟು ಅನುಕೂಲದ ವಸ್ತುವಲ್ಲ. ಜೋಳದ ರೊಟ್ಟಿ ಬಡಿಯುವ ಮನೆ ನಮ್ಮದು. ಹಿಟ್ಟು ನಾದುವಾಗ ಗವಸು ತೆಗೆಯಲೇಬೇಕು. ತೆಗೆದು ಬಡಿಯಲು ಕುಳಿತರೆ ಒಂದೇ ಸಮನೆ ಬೀಳುವ ಪೆಟ್ಟು, ಎದುರಿಗೆ ಹಂಚಿನ ಕಾವು, ಎರಡೂ ಸೇರಿ ಏಳುವ ಹೊತ್ತಿಗೆ ಹಸ್ತ ತುಂಬಿಕೊಂಡಿರುತ್ತದೆ. ಸ್ಲೀವಿನ ಮಣಿಕಟ್ಟಿನ ಅಂಚಿಗೆ ಹಿಟ್ಟು ಮೆತ್ತಿ ಒಣಗಿದರೆ ಉಜ್ಜಿ ತೆಗೆಯುವುದು ಕಷ್ಟ. ನಾನು ಕಂಡುಕೊಂಡ ದಾರಿಯೆಂದರೆ, ಅಂಚಿನ ಮೇಲೆ ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ಸಡಿಲವಾಗಿ ಸುತ್ತಿಕೊಂಡು, ಒಮ್ಮೆಗೆ ನಾಲ್ಕಾರು ರೊಟ್ಟಿ ಮಾತ್ರ ಬಡಿದು ಎದ್ದುಬಿಡುವುದು. ಉಳಿದದ್ದನ್ನು ಈಗ ಮನೆಯ ಗಂಡಸರೂ ಬಡಿಯುತ್ತಾರೆ.

ಏಪ್ರಿಲ್ ಮತ್ತು ಮೇ ತಿಂಗಳುಗಳು ಈ ಸ್ಲೀವಿನ ನಿಜವಾದ ಪರೀಕ್ಷೆಯ ಕಾಲ. ಧಾರವಾಡವೇ ಹೀಗಾದರೆ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಇದನ್ನು ತೊಡುವವರ ಕಷ್ಟ ಊಹಿಸಬಲ್ಲೆ. ಬೆವರು ನಿಂತು ಮೊಣಕೈಯ ಒಳಗಡೆ ಬೆವರುಸಾಲೆ ಏಳುತ್ತದೆ, ಜಾರದಿರಲೆಂದು ಮೇಲ್ಪಟ್ಟಿಯ ಒಳಗೆ ಅಂಟಿಸಿರುವ ಸಿಲಿಕೋನ್ ಚುಕ್ಕೆಗಳು ತುರಿಕೆ ತರುತ್ತವೆ. ನನ್ನ ಎರಡನೆಯ ಸ್ಲೀವಿನಲ್ಲಿ ಆ ಚುಕ್ಕೆಗಳು ಬೇಡವೆಂದು ಹೇಳಿ ಸಾದಾ ಪಟ್ಟಿಯನ್ನೇ ಹಾಕಿಸಿಕೊಂಡೆ, ತೊಂದರೆ ಬಹಳ ಕಡಿಮೆಯಾಯಿತು. ಸ್ಲೀವಿನ ಮೇಲೆಯೇ ತಣ್ಣೀರನ್ನು ಸಿಂಪಡಿಸಿಕೊಂಡರೆ ಆರುತ್ತಾ ಆರುತ್ತಾ ಕೈ ತಂಪಾಗುತ್ತದೆ. ಸೆಕೆಯೆಂದು ಬೇಸಿಗೆಯಲ್ಲಿ ಬಿಟ್ಟುಬಿಡುವುದು ಎಲ್ಲರಿಗೂ ಬರುವ ಯೋಚನೆ, ಆದರೆ ಸೆಕೆಯಲ್ಲಿಯೇ ಊತ ಹೆಚ್ಚಾಗುವುದು.

ಬಣ್ಣದ ವಿಷಯದಲ್ಲಿ ತಯಾರಕರ ಮೇಲೆ ನನಗೆ ನೇರವಾದ ದೂರಿದೆ. ಚರ್ಮದ ಬಣ್ಣ ಎಂದು ಮಾರುವ ಸ್ಲೀವು ನಮ್ಮ ಕಡೆಯ ಯಾರ ಚರ್ಮದ ಬಣ್ಣವೂ ಅಲ್ಲ. ಗೋಧಿಗೆಂಪಿನ, ಎಣ್ಣೆಗಪ್ಪಿನ ಕೈಗಳ ಮೇಲೆ ಆ ತಿಳಿಗುಲಾಬಿ ಬಟ್ಟೆ ಪ್ಲಾಸ್ಟರಿನಂತೆ ಎದ್ದು ಕಾಣುತ್ತದೆ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ "ಕೈಗೇನಾತ್ರೀ, ಬಿದ್ದ್ರೇನು?" ಎಂದು ಕೇಳದವರಿಲ್ಲ. ಕೇಳುವವರದು ಕಾಳಜಿಯೇ. ಆದರೂ ಕಾಯಿಲೆಯ ಕಥೆಯನ್ನು ದಿನಕ್ಕೊಮ್ಮೆ ಅಪರಿಚಿತರ ಮುಂದೆ ಹೇಳಬೇಕಾಗುವುದು ಚಿಕಿತ್ಸೆ ಮುಗಿಸಿ ಬಂದವಳಿಗೆ ದೊಡ್ಡ ದಣಿವು. ಕಂದು ಬಣ್ಣದ ಸ್ಲೀವನ್ನು ಕೇಳಿ ತರಿಸಿಕೊಂಡ ಮೇಲೆ ಪ್ರಶ್ನೆಗಳು ಬಹುಪಾಲು ನಿಂತವು. ಕುಪ್ಪಸದ ಬಲತೋಳನ್ನು ದರ್ಜಿಯವರು ಒಂದು ಇಂಚು ಸಡಿಲ ಬಿಟ್ಟು, ಮೊಣಕೈಯವರೆಗೆ ಇಳಿಸಿ ಹೊಲಿದುಕೊಡುತ್ತಾರೆ.

ನನ್ನ ಜೊತೆಯಲ್ಲಿಯೇ ಚಿಕಿತ್ಸೆ ಪಡೆದ, ಕುಂದಗೋಳದ ಕಡೆಯ ಹಳ್ಳಿಯ ಹೆಂಗಸೊಬ್ಬರ ಅನುಭವವನ್ನು ಇಲ್ಲಿ ಬರೆಯದಿದ್ದರೆ ಈ ವಿಮರ್ಶೆ ಅರೆಬರೆಯಾಗುತ್ತದೆ. ಅವರದು ಹೊಲದ ಕೆಲಸ. ಹತ್ತಿ ಬಿಡಿಸುವಾಗ ಒಣಗಿದ ಕಾಯಿಯ ಚೂಪು ಅಂಚುಗಳು ಸ್ಲೀವಿನ ಎಳೆಗಳನ್ನು ಕೀಳುತ್ತವೆ, ಮೆಣಸಿನಕಾಯಿ ಬಿಡಿಸಿದ ದಿನ ಖಾರ ಹತ್ತಿದ ಬಟ್ಟೆ ಇಡೀ ಕೈಯನ್ನು ಉರಿಸುತ್ತದೆ. ನನಗೆ ಹೇಳಿದ ಸಲಹೆಗಳಲ್ಲಿ ಅರ್ಧದಷ್ಟು ಅವರ ಬದುಕಿಗೆ ಹೊಂದುವುದೇ ಇಲ್ಲ. ಅವರು ತಾವೇ ಮಾಡಿಕೊಂಡ ಏರ್ಪಾಡೆಂದರೆ, ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ತೊಡುವ ಗಂಡಸರ ಹಳೆಯ ತುಂಬುತೋಳಿನ ಅಂಗಿಯನ್ನು ಸ್ಲೀವಿನ ಮೇಲೆ ತೊಟ್ಟು, ಗುಂಡಿ ಹಾಕಿಕೊಂಡು ಹೋಗುವುದು. "ಅಕ್ಕೋರ, ಅಂಗಿ ಹರದ್ರ ಇನ್ನೊಂದು ಅದ, ಇದು ಹರದ್ರ ಎಲ್ಲಿಂದ ತರೂಣು?" ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವರು ತೊಡುವುದು ಡಬ್ಬಿಯ ಸ್ಲೀವು, ಆರು ತಿಂಗಳಾದರೂ ಬದಲಾಯಿಸುವ ಶಕ್ತಿ ಅವರಿಗಿಲ್ಲ. ಚಪ್ಪಟೆ ಹೆಣಿಗೆಯ ಒಳ್ಳೆಯ ಸ್ಲೀವನ್ನು ನಾನು ಎಷ್ಟು ಹೊಗಳಿದರೂ, ಅದು ಸಂಬಳ ಬರುವವರ ಕೈಗೆ ಮಾತ್ರ ಎಟುಕುವ ವಸ್ತುವಾಗಿ ಉಳಿದಿದೆ.

ಬೆಲೆಯನ್ನು ಒಮ್ಮೆಯ ಖರ್ಚು ಎಂದು ಲೆಕ್ಕ ಹಾಕಬಾರದು. ಅಳತೆ ಕೊಟ್ಟು ಮಾಡಿಸಿದ್ದಕ್ಕೆ ಡಬ್ಬಿಯದರ ನಾಲ್ಕೈದು ಪಟ್ಟು ಕೊಡಬೇಕಾಯಿತು. ಒಗೆದು ಒಣಗಿಸಲು ಒಂದು, ತೊಡಲು ಒಂದು ಎಂದು ಎರಡು ಬೇಕೇ ಬೇಕು, ದಿನವೂ ತೊಟ್ಟರೆ ಸುಮಾರು ಆರು ತಿಂಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ಅಂದರೆ ಇದು ಬದುಕಿರುವವರೆಗೆ ವರ್ಷ ವರ್ಷವೂ ಬರುವ ಖರ್ಚು. ನನ್ನ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ತುಂಬಿದ ವಿಮೆಯವರು ಸ್ಲೀವಿನ ಬಿಲ್ಲನ್ನು ಒಂದೇ ಸಾಲಿನ ಪತ್ರ ಬರೆದು ಹಿಂದಿರುಗಿಸಿದರು. ಅಮೆರಿಕದಲ್ಲಿ ರೋಗಿಗಳು ವರ್ಷಗಟ್ಟಲೆ ಹೋರಾಡಿದ ಮೇಲೆ ಲಿಂಫೆಡೀಮಾ ಚಿಕಿತ್ಸಾ ಕಾಯ್ದೆ 2022ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ, 2024ರ ಜನವರಿ 1ರಿಂದ ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್ ಈ ಉಡುಪುಗಳ ಖರ್ಚು ಕೊಡುತ್ತಿದೆ. ಊತವಿರುವ ಪ್ರತಿ ಅಂಗಕ್ಕೆ ಆರು ತಿಂಗಳಿಗೆ ಮೂರು ಹಗಲಿನ ಉಡುಪು, ಎರಡು ವರ್ಷಕ್ಕೆ ಎರಡು ರಾತ್ರಿಯ ಉಡುಪು ಎಂದು ನಿಯಮದಲ್ಲಿಯೇ ಇದೆ. ಸವೆಯುವ ವಸ್ತುವನ್ನು ಸವೆಯುವ ವಸ್ತುವೆಂದೇ ಗುರುತಿಸಿದ ಈ ಲೆಕ್ಕ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಲಕ್ಷಗಟ್ಟಲೆ ಹಣ ಖರ್ಚಾಗಿ ಉಳಿದ ಜೀವವೊಂದು ಕೆಲವು ಸಾವಿರದ ಬಟ್ಟೆಯಿಲ್ಲದೆ ದುಡಿಯುವ ಕೈಯನ್ನು ಕಳೆದುಕೊಳ್ಳುವುದು ನಮ್ಮ ಯೋಜನೆಗಳನ್ನು ರೂಪಿಸುವವರ ಗಮನಕ್ಕೆ ಬರಬೇಕು.

ನಮ್ಮವರಿಗೆ ಹತ್ತಿರದಲ್ಲಿ ಈ ವಿಷಯದ ಅನುಭವವಿಲ್ಲವೆಂದೇನೂ ಅಲ್ಲ. ಆನೆಕಾಲು ರೋಗದಿಂದ ಕಾಲು ಬಾಯುವುದೂ ಲಿಂಫೆಡೀಮಾವೇ. ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ ಅವರು 1999ರಲ್ಲಿ ಸ್ಥಾಪಿಸಿದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ, ಚರ್ಮವನ್ನು ತೊಳೆದು ಆರೈಕೆ ಮಾಡುವುದು, ಆಯುರ್ವೇದದ ಔಷಧಿ, ಯೋಗ, ಒತ್ತಡದ ಬ್ಯಾಂಡೇಜು ಇವನ್ನು ಒಂದುಗೂಡಿಸಿ ಅಂಥ ರೋಗಿಗಳಿಗೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಕ್ರಮವನ್ನು ಕಲಿಸಿದೆ, ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿಯೂ ಅದನ್ನು ನಡೆಸಿ ನೋಡಿ ಫಲಿತಾಂಶ ಪ್ರಕಟಿಸಿದೆ. ಬ್ಯಾಂಡೇಜು ಸುತ್ತುವುದನ್ನು ಮನೆಮಂದಿಗೆ ಕಲಿಸುವ ಆ ಬಗೆ, ಸ್ಲೀವು ಕೊಳ್ಳಲಾಗದ ನಮ್ಮ ಕುಂದಗೋಳದ ಗೆಳತಿಯಂಥವರಿಗೂ ಒದಗಬಲ್ಲದು.

ಭಾರ ಎತ್ತಬಾರದು, ಕೈಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂದು ಹಿಂದೆ ಎಲ್ಲರಿಗೂ ಹೇಳುತ್ತಿದ್ದರು. ಈಗ ಆ ಮಾತು ಬದಲಾಗಿದೆ. ಸ್ತನ ಕ್ಯಾನ್ಸರಿನ ನಂತರ ತೋಳು ಬಾತಿದ್ದ 141 ಹೆಂಗಸರ ಮೇಲೆ ನಡೆದು 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ತಿಳಿದವರ ಮೇಲ್ವಿಚಾರಣೆಯಲ್ಲಿ ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಭಾರ ಎತ್ತಿದವರಿಗೆ ಊತ ಹೆಚ್ಚಲಿಲ್ಲ, ಅದು ಉಲ್ಬಣಿಸಿದ ಸಂದರ್ಭಗಳೂ ಅವರಲ್ಲಿ ಕಡಿಮೆಯಿದ್ದವು. ಅವರು ಸ್ಲೀವು ತೊಟ್ಟೇ ವ್ಯಾಯಾಮ ಮಾಡುತ್ತಿದ್ದರು. ನಾನೂ ನೀರು ತುಂಬಿದ ಅರ್ಧ ಲೀಟರಿನ ಬಾಟಲಿಯಿಂದ ಶುರುಮಾಡಿದೆ, ಹೆಗಲಿನ ಬಿಗುವು ಸಡಿಲವಾಗಿ ಈಗ ತುಂಬಿದ ಕೊಡವನ್ನು ಹೆದರಿಕೆಯಿಲ್ಲದೆ ಎತ್ತಬಲ್ಲೆ.

ಸ್ಲೀವು ಎಷ್ಟೇ ಒಳ್ಳೆಯದಿದ್ದರೂ ಅದನ್ನು ತಕ್ಷಣ ತೆಗೆಯಬೇಕಾದ ಒಂದು ಸಂದರ್ಭವಿದೆ. ಕೈ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ನೋವಿನೊಂದಿಗೆ ಚಳಿಜ್ವರ ಬಂದರೆ ಅದು ಚರ್ಮದಡಿಯ ಸೋಂಕು. ಅಂದೇ ವೈದ್ಯರ ಬಳಿ ಹೋಗಿ ಆಂಟಿಬಯಾಟಿಕ್ ಶುರುಮಾಡಬೇಕು, ಮತ್ತೆ ಯಾವಾಗ ತೊಡಬೇಕೆಂದು ಅವರನ್ನೇ ಕೇಳಬೇಕು. ಒಂದೊಂದು ಸೋಂಕೂ ನಾಳಗಳನ್ನು ಇನ್ನಷ್ಟು ಕೆಡಿಸಿ ಊತವನ್ನು ಹೆಚ್ಚಿಸುತ್ತದೆ. ತರಚು ಗಾಯ, ಮುಳ್ಳು ಚುಚ್ಚಿದ್ದು, ಉಗುರಿನ ಅಂಚು ಕಿತ್ತದ್ದು ಯಾವುದನ್ನೂ ಸಣ್ಣದೆಂದು ಬಿಡದೆ ಸೋಪಿನಿಂದ ತೊಳೆದು ಮುಲಾಮು ಹಚ್ಚುವುದು ಆ ಕಾರಣಕ್ಕೆ.

ತಯಾರಕರಿಂದ ನಾನು ಕೇಳುವುದು ಹೆಚ್ಚೇನಿಲ್ಲ. ಡಬ್ಬಿಯೊಳಗಿನ ಕಾಗದ ಕನ್ನಡದಲ್ಲಿಯೂ ಇರಲಿ, ತೊಡುವ ಕ್ರಮಕ್ಕೆ ಚಿತ್ರಗಳಿರಲಿ, ಹಸ್ತ ಬಾತರೆ ಗವಸು ಬೇಕೆಂಬ ಎಚ್ಚರಿಕೆ ಅದರಲ್ಲಿರಲಿ, ಬಣ್ಣಗಳಲ್ಲಿ ಕಂದು ಸುಲಭವಾಗಿ ಸಿಗಲಿ, ಅಳತೆ ತೆಗೆಯಲು ಬಾರದ ಅಂಗಡಿಗಳಿಗೆ ಸ್ಲೀವನ್ನು ಕೊಡುವ ಮುಂಚೆ ಅಲ್ಲಿಯವರಿಗೆ ಒಂದು ದಿನದ ತರಬೇತಿಯಾದರೂ ಸಿಗಲಿ. ಒಗೆಯುವ ಬಗ್ಗೆ ಹೇಳುವುದಾದರೆ ದಿನವೂ ಉಗುರುಬೆಚ್ಚನೆಯ ನೀರು, ಹಗುರವಾದ ಸೋಪು ಸಾಕು. ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಬೇಕು. ಒಗೆದಾಗ ಎಳೆಗಳು ಮತ್ತೆ ತಮ್ಮ ಬಿಗಿಗೆ ಮರಳುವುದರಿಂದ ಒಗೆಯುವುದು ಚೊಕ್ಕಟತನಕ್ಕೆ ಎಷ್ಟೋ ಒತ್ತಡಕ್ಕೂ ಅಷ್ಟೇ ಅವಶ್ಯ. ರಬ್ಬರು ಗವಸಿನ ಸಹಾಯವಿಲ್ಲದೆ ಸಲೀಸಾಗಿ ಕೈಗೆ ಏರುತ್ತಿದೆ, ಸಂಜೆಯ ಹೊತ್ತಿಗೆ ಮುಂಗೈಯಲ್ಲಿ ಮತ್ತೆ ಗುಳಿ ಬೀಳುತ್ತಿದೆ ಎಂದಾದರೆ ಆರು ತಿಂಗಳು ತುಂಬದಿದ್ದರೂ ಆ ಸ್ಲೀವಿನ ಆಯುಷ್ಯ ಮುಗಿದಿದೆ. ಆಗ ಹಳೆಯ ಅಳತೆಯನ್ನೇ ಕಳಿಸದೆ, ಹೊಸದಾಗಿ ಅಳತೆ ತೆಗೆಸಿಯೇ ಮುಂದಿನದನ್ನು ಮಾಡಿಸಿಕೊಳ್ಳಿ.